ಬಸುರಿಯ ತಟ್ಟೆಯ ಲೆಕ್ಕ

(ಮಹಿಳಾ ಸಂಘಟನೆಗಳ ಕಾರ್ಯಕರ್ತೆಯರಿಗಾಗಿ ನಡೆದ ಕಾನೂನು ಮತ್ತು ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ ಸಾವು, ಗಂಡನ ಹೊಡೆತ, ಜೀವನಾಂಶ, ಪೊಲೀಸ್ ಠಾಣೆಯ ಅನುಭವ ಇವುಗಳ ಬಗ್ಗೆ ಬೆಳಿಗ್ಗೆಯಿಂದ ಚರ್ಚೆ ಮಾಡಿದ್ದೀರಿ. ಈಗ ನಾನು ಊಟದ ವಿಷಯ ಎತ್ತುತ್ತಿದ್ದೇನೆ. ಗರ್ಭಿಣಿಯರ ಅಪೌಷ್ಟಿಕತೆ ಆರೋಗ್ಯ ಇಲಾಖೆಯ ಕೆಲಸ, ಅಂಗನವಾಡಿಯ ಕೆಲಸ, ಅದಕ್ಕೂ ನಮ್ಮ ಚಳವಳಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವಿದೆ. ಬಹಳ ಹತ್ತಿರದ ಸಂಬಂಧವಿದೆ ಎಂದು ತೋರಿಸುವುದೇ ಈ ಮಾತಿನ ಉದ್ದೇಶ.

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ನಮಗೆಲ್ಲ ಗೊತ್ತು. ಠಾಣೆಯಲ್ಲಿ, ಪಂಚಾಯ್ತಿಯಲ್ಲಿ, ಕೆಲವೊಮ್ಮೆ ಕೋರ್ಟಿನಲ್ಲೂ ಈ ಗಾದೆ ಹೇಳಿ ನಮ್ಮನ್ನು ವಾಪಸು ಕಳಿಸಿದ್ದಾರೆ. ಆದರೆ ಜಗಳವಾದ ರಾತ್ರಿ ಉಂಡವರು ಯಾರು ಎಂದು ಈ ಗಾದೆ ಹೇಳುವವರು ಯಾರೂ ಕೇಳುವುದಿಲ್ಲ. ಗಂಡ ಉಂಡಿರುತ್ತಾನೆ, ಅತ್ತೆ ಮಾವ ಉಂಡಿರುತ್ತಾರೆ, ಮಕ್ಕಳು ಉಂಡಿರುತ್ತಾರೆ. ಅಡುಗೆ ಮಾಡಿದವಳು ನೀರು ಕುಡಿದು ಮಲಗಿರುತ್ತಾಳೆ. ಅವಳು ಬಸುರಿಯಾಗಿದ್ದರೆ ಆ ರಾತ್ರಿ ಹಸಿದು ಮಲಗಿದವರು ಇಬ್ಬರು.

ಅಂಕಿಅಂಶ ಏನು ಹೇಳುತ್ತದೆ

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ. 2015–16ರ ಸಮೀಕ್ಷೆಯಲ್ಲಿ ಇದು ಶೇ. 50.4 ಇತ್ತು. ಕರ್ನಾಟಕದಲ್ಲಿ ಹಿಂದಿನ ಸಲ ಶೇ. 45.4, ಈ ಸಲ ಶೇ. 45.7. ಅಂದರೆ ನಾಲ್ಕೈದು ವರ್ಷಗಳಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಹೆಂಗಸರನ್ನು ಆಸ್ಪತ್ರೆಯ ಬಾಗಿಲಿಗೆ ತಲುಪಿಸುವ ಕೆಲಸ ಬಹುಮಟ್ಟಿಗೆ ಆಗಿದೆ. ಆದರೆ ಆ ಬಾಗಿಲಿಗೆ ಬರುವ ಹೆಂಗಸಿನ ಮೈಯಲ್ಲಿ ರಕ್ತವಿಲ್ಲ. 2018–20ರ ಮಾದರಿ ನೋಂದಣಿ ಅಂಕಿಅಂಶದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಸತ್ತರು. ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು.

ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಒಂದು ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. 7 ಗ್ರಾಂಗಿಂತ ಕಡಿಮೆ ಇದ್ದರೆ ಅದು ತೀವ್ರ ರಕ್ತಹೀನತೆ. ಹೆರಿಗೆಯಲ್ಲಿ ಎಲ್ಲ ಹೆಂಗಸರಿಗೂ ರಕ್ತ ಹೋಗುತ್ತದೆ. ಗಟ್ಟಿಮುಟ್ಟಾದವಳು ತಡೆದುಕೊಳ್ಳುವಷ್ಟು ರಕ್ತಸ್ರಾವವೇ ರಕ್ತಹೀನಳ ಜೀವ ತೆಗೆಯಬಹುದು. ಆಗ ಕಾಗದದಲ್ಲಿ "ಹೆರಿಗೆಯ ನಂತರದ ರಕ್ತಸ್ರಾವ" ಎಂದು ಬರೆಯುತ್ತಾರೆ. ಒಂಬತ್ತು ತಿಂಗಳು ಅವಳು ಏನು ಉಂಡಳು ಎಂದು ಯಾವ ಕಾಗದದಲ್ಲೂ ಬರೆಯುವುದಿಲ್ಲ.

ಬಸುರಿಗೆ ಎಷ್ಟು ಹೆಚ್ಚು ಊಟ ಬೇಕು? ಇದೇನೂ ದೊಡ್ಡ ಲೆಕ್ಕವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದಂತೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 22 ಗ್ರಾಂ ಪ್ರೋಟೀನು ಹೆಚ್ಚು ಬೇಕು. ಒಂದು ರಾಗಿಮುದ್ದೆ ಇಲ್ಲವೇ ಎರಡು ರೊಟ್ಟಿ, ಅದರ ಜೊತೆಗೆ ಕಾಳು, ಸೊಪ್ಪು, ಒಂದು ಮೊಟ್ಟೆ, ಒಂದು ಲೋಟ ಹಾಲು. ಇಷ್ಟು ಸಿಕ್ಕರೆ ಬಹುಪಾಲು ಸರಿಹೋಗುತ್ತದೆ. ಹೀಗೆ ಉಂಡವಳ ತೂಕ ಒಂಬತ್ತು ತಿಂಗಳಲ್ಲಿ 10ರಿಂದ 12 ಕಿಲೊ ಏರಬೇಕು.

ಆದರೆ ಏರುವುದೆಷ್ಟು? ಡಯಾನ್ ಕಾಫಿ ಎಂಬ ಸಂಶೋಧಕಿ 2005–06ರ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಆಧರಿಸಿ 2015ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ನಮ್ಮ ದೇಶದಲ್ಲಿ ಬಸುರಾಗುವ ಹೊತ್ತಿಗೇ ತೂಕ ಕಡಿಮೆ ಇದ್ದವರು ಶೇ. 42.2. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳಲ್ಲಿ ಇಂಥವರು ಶೇ. 16.5. ನಮ್ಮ ಹೆಂಗಸರು ಬಸುರಿನಲ್ಲಿ ಸರಾಸರಿ 7 ಕಿಲೊ ಮಾತ್ರ ತೂಕ ಏರಿಸಿಕೊಳ್ಳುತ್ತಾರೆ ಎಂದೂ ಅವರು ಲೆಕ್ಕ ಹಾಕಿದರು.

ಈ ಹೋಲಿಕೆಯ ಮೇಲೆ ಸ್ವಲ್ಪ ಯೋಚಿಸಿ. ಆ ಆಫ್ರಿಕಾ ದೇಶಗಳಲ್ಲಿ ಹಲವು ನಮಗಿಂತ ಬಡದೇಶಗಳು. ಬಡತನವೊಂದೇ ಕಾರಣವಾಗಿದ್ದರೆ ಅಲ್ಲಿಯ ಹೆಂಗಸರು ನಮಗಿಂತ ಸಣಕಲಾಗಿರಬೇಕಿತ್ತು. ಬಡತನ ದೊಡ್ಡ ಕಾರಣ ನಿಜ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಮನೆಯಲ್ಲಿ ಇರುವಷ್ಟು ಅನ್ನ ಯಾರ ತಟ್ಟೆಗೆ ಎಷ್ಟು ಬೀಳುತ್ತದೆ ಎಂಬುದು ಎರಡನೆಯ ಪ್ರಶ್ನೆ. ಆ ಪ್ರಶ್ನೆ ನಮ್ಮದು.

ಹುಟ್ಟಿದಾಗಿನಿಂದ ನಡೆಯುವ ಕಡಿತ

ಅಪೌಷ್ಟಿಕತೆ ಬಸುರಿನಲ್ಲಿ ಶುರುವಾಗುವುದಲ್ಲ. ಹೆಣ್ಣುಮಗು ಹುಟ್ಟಿದ ದಿನವೇ ಅವಳ ಮದುವೆಯ ಖರ್ಚಿನ ಲೆಕ್ಕ ಶುರುವಾಗುತ್ತದೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎನ್ನುವ ಸಮಾಜ ಅವಳ ಮೇಲೆ ಹಾಕುವ ಖರ್ಚನ್ನು ಬೇರೆಯವರ ಹೊಲಕ್ಕೆ ಹಾಕಿದ ಗೊಬ್ಬರ ಎಂದು ನೋಡುತ್ತದೆ. ಹಾಲು, ಮೊಟ್ಟೆ ಅಣ್ಣತಮ್ಮಂದಿರಿಗೆ. ಹೆಚ್ಚು ಓದಿಸಿದರೆ ಹೆಚ್ಚು ಓದಿದ ಗಂಡು ಬೇಕು, ಅವನಿಗೆ ಹೆಚ್ಚು ವರದಕ್ಷಿಣೆ ಬೇಕು. ತಡ ಮಾಡಿದರೆ ದರ ಏರುತ್ತದೆ. ಆದ್ದರಿಂದ ಬೇಗ ಮದುವೆ. ಕರ್ನಾಟಕದಲ್ಲಿ 20ರಿಂದ 24 ವರ್ಷದೊಳಗಿನ ಹೆಂಗಸರಲ್ಲಿ ಶೇ. 21.3 ಮಂದಿ 18 ತುಂಬುವ ಮೊದಲೇ ಮದುವೆಯಾದವರು ಎಂದು ಇದೇ ಸಮೀಕ್ಷೆ ಹೇಳುತ್ತದೆ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಿಂದ ಇದೆ.

ಹದಿನಾರು ಹದಿನೇಳರ ಹುಡುಗಿ ಬಸುರಾದರೆ ಅವಳ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ಉಂಡ ತುತ್ತಿಗೆ ತಾಯಿ ಮಗು ಇಬ್ಬರೂ ಪೈಪೋಟಿ ನಡೆಸಬೇಕಾಗುತ್ತದೆ. ಬಾಲ್ಯದಲ್ಲಿ ಸರಿಯಾಗಿ ಉಣ್ಣದವಳು ಗಿಡ್ಡವಾಗಿ ಉಳಿಯುತ್ತಾಳೆ, ಸೊಂಟದ ಎಲುಬು ಕಿರಿದಾಗುತ್ತದೆ, ಹೆರಿಗೆ ಕಷ್ಟವಾಗುತ್ತದೆ. ಮಗು ಎರಡೂವರೆ ಕಿಲೊಗಿಂತ ಕಡಿಮೆ ತೂಕದ್ದಾಗುತ್ತದೆ. ಆ ಮಗು ಹೆಣ್ಣಾದರೆ ಮತ್ತೆ ಇದೇ ಚಕ್ರ. ಗಂಡೇ ಬೇಕೆಂದು ಮೇಲಿಂದ ಮೇಲೆ ಬಸುರು, ಎರಡರ ನಡುವೆ ಬಿಡುವಿಲ್ಲ. ಹಿಂದಿನ ಹೆರಿಗೆಯಲ್ಲಿ ಹೋದ ರಕ್ತ ತುಂಬಿಕೊಳ್ಳುವ ಮೊದಲೇ ಮುಂದಿನದು ನಿಂತಿರುತ್ತದೆ.

ಗಂಡನ ಮನೆಯ ಅಡುಗೆಮನೆ

ಗಂಡನ ಮನೆಯಲ್ಲಿ ಹೊಸ ಸೊಸೆಯ ಸ್ಥಾನ ಎಲ್ಲರಿಗಿಂತ ಕೆಳಗೆ. ಅಡುಗೆ ಅವಳದು, ಉಗ್ರಾಣದ ಬೀಗದಕೈ ಅತ್ತೆಯದು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಬೇಕು. ಕೊನೆಗೆ ಉಳಿಯುವುದು ಅನ್ನ, ನೀರು ಸಾರು. ತಳದಲ್ಲಿದ್ದ ಕಾಳು, ತರಕಾರಿ ಆಗಲೇ ಮುಗಿದಿರುತ್ತದೆ. ಹಸಿವಾಯಿತೆಂದು ನಡುವೆ ಏನಾದರೂ ತೆಗೆದು ತಿಂದರೆ "ಕದ್ದು ತಿನ್ನುವವಳು" ಎಂಬ ಹೆಸರು. ತವರಿನಿಂದ ತಂದದ್ದು ಕಡಿಮೆ ಎನ್ನಿಸಿದರೆ ಪ್ರತಿ ತುತ್ತಿಗೂ ಲೆಕ್ಕ. "ನಿಮ್ಮಪ್ಪ ಕಳಿಸಿದ್ದಾನಾ?" ಎಂಬ ಒಂದು ಮಾತು ಸಾಕು, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಸಲಹಾ ಕೇಂದ್ರಗಳಿಗೆ ಬರುವ ಹೆಂಗಸರ ಬಾಯಲ್ಲಿ ಈ ಮಾತನ್ನು ನೀವೆಲ್ಲ ಕೇಳಿದ್ದೀರಿ. ಆದರೆ ದೂರಿನಲ್ಲಿ ನಾವು ಬರೆದುಕೊಳ್ಳುವುದು ಹೊಡೆತ ಮಾತ್ರ.

ಇದು ನಮ್ಮ ಊಹೆಯಲ್ಲ. 1998–99ರ ಕುಟುಂಬ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಲೀಲ್ಯಾಂಡ್ ಆಕರ್ಸನ್ ಮತ್ತು ಎಸ್.ವಿ. ಸುಬ್ರಮಣಿಯನ್ ಎಂಬ ಸಂಶೋಧಕರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಪದೇ ಪದೇ ಹೊಡೆತ ತಿನ್ನುವ ಹೆಂಗಸರಲ್ಲಿ ರಕ್ತಹೀನತೆ, ಕಡಿಮೆ ತೂಕ ಎರಡೂ ಹೆಚ್ಚು ಕಂಡವು. ಹೊಡೆಯುವ ಮನೆಯಲ್ಲಿ ಊಟವನ್ನೂ ತಡೆಹಿಡಿಯುತ್ತಾರೆ, ಹೆದರಿಕೆಯಲ್ಲಿರುವ ಮೈಗೆ ಉಂಡದ್ದೂ ಹತ್ತುವುದಿಲ್ಲ. ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದ ವಿವಾಹಿತೆಯರು 2015–16ರಲ್ಲಿ ಶೇ. 20.6 ಇದ್ದರು. 2019–21ರ ಸಮೀಕ್ಷೆಯಲ್ಲಿ ಅವರು ಶೇ. 44.4. ಹೆಚ್ಚಿದ್ದು ಹಿಂಸೆಯೋ, ಹೇಳುವ ಧೈರ್ಯವೋ, ಎರಡೂ ಇರಬಹುದು. ಯಾವುದಾದರೂ ಸರಿ, ನೂರಕ್ಕೆ ನಲವತ್ತನಾಲ್ಕು ಎಂಬುದು ಸಣ್ಣ ಸಂಖ್ಯೆಯಲ್ಲ.

ಬಸುರಿನ ಕಾಲಕ್ಕೆ ವರದಕ್ಷಿಣೆಯ ಇನ್ನೊಂದು ಕಂತು ಬಾಕಿ ಇರುತ್ತದೆ. ಸೀಮಂತ, ಉತ್ತರ ಕರ್ನಾಟಕದಲ್ಲಿ ಕುಬಸ, ಆಮೇಲೆ ಬಾಣಂತನ, ತೊಟ್ಟಿಲು, ನಾಮಕರಣ. ಎಲ್ಲಕ್ಕೂ ತವರಿನಿಂದ ಸೀರೆ, ಬಂಗಾರ, ಬೆಳ್ಳಿ ಬರಬೇಕು. ಬಸುರಿಗೆ ಬಯಕೆ ತೀರಿಸಿ ಉಣ್ಣಿಸಬೇಕೆಂದು ಹಿರಿಯರು ಮಾಡಿದ ಈ ಶಾಸ್ತ್ರದಲ್ಲಿ ಒಳ್ಳೆಯ ತಿಳಿವಳಿಕೆ ಇತ್ತು. ಈಗ ಅದು ವಸೂಲಿಯ ದಿನವಾಗಿದೆ. ಒಂದು ದಿನ ಐದು ಬಗೆಯ ಸಿಹಿ, ಉಳಿದ ಇನ್ನೂರೆಪ್ಪತ್ತು ದಿನ ತಂಗಳು. ಕೊಡುವ ಶಕ್ತಿ ತವರಿಗಿಲ್ಲದಿದ್ದರೆ ಹುಡುಗಿಯನ್ನು ಹೆರಿಗೆಗೆ ಕಳಿಸುವುದೇ ಇಲ್ಲ. ಕಳಿಸಿದರೂ ವಾಪಸು ಕರೆದುಕೊಳ್ಳುವುದಿಲ್ಲ. ಮದುವೆಯ ಸಾಲದಲ್ಲಿರುವ ತವರಿನಲ್ಲಿ ಬಾಣಂತಿಗೆ ಏನು ಸಿಕ್ಕೀತು?

ದುಡಿಮೆಯ ಲೆಕ್ಕ

ಊಟದ ಲೆಕ್ಕ ಮಾತ್ರ ಹಾಕಿದರೆ ಸಾಲದು, ಮೈಯಿಂದ ಹೋಗುವ ಶಕ್ತಿಯ ಲೆಕ್ಕವನ್ನೂ ಹಾಕಬೇಕು. ಇದನ್ನು ನಮ್ಮ ರಾಜ್ಯದ ಮಾಹಿತಿಯಿಂದಲೇ ತೋರಿಸಿಕೊಟ್ಟವರು ಶ್ರೀಲತಾ ಬಾಟ್ಲಿವಾಲಾ. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ ತುಮಕೂರು ಜಿಲ್ಲೆಯ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಕಲೆಹಾಕಿದ ಅಂಕಿಅಂಶವನ್ನು ಇಟ್ಟುಕೊಂಡು ಅವರು 1982ರಲ್ಲಿ ಒಂದು ಲೇಖನ ಬರೆದರು. ಹಳ್ಳಿಯ ಒಟ್ಟು ಮಾನವ ದುಡಿಮೆಯಲ್ಲಿ ಹೆಂಗಸರ ಪಾಲು ಶೇ. 53, ಗಂಡಸರದು 31, ಮಕ್ಕಳದು 16. ನೀರು, ಸೌದೆ, ಅಡುಗೆ, ಹೊಲಗೆಲಸ ಎಲ್ಲ ಸೇರಿದರೆ ಹೆಂಗಸು ಗಂಡಸಿಗಿಂತ ಕಡಿಮೆ ಶಕ್ತಿ ವ್ಯಯಿಸುವುದಿಲ್ಲ, ಆದರೆ ಉಣ್ಣುವುದು ಕಡಿಮೆ ಎಂದು ಅವರು ವಾದಿಸಿದರು. ಹೆಚ್ಚು ಅನ್ನ ಕೊಡಲು ಆಗದಿದ್ದರೆ ಹೊರೆಯನ್ನಾದರೂ ಇಳಿಸಿ, ಮನೆಯ ಹತ್ತಿರ ನೀರು, ಒಳ್ಳೆಯ ಒಲೆ ಕೊಡಿ, ಅದೂ ಪೌಷ್ಟಿಕ ಕಾರ್ಯಕ್ರಮವೇ ಎಂಬುದು ಅದರ ಸಾರ. ಒಲೆಗಳು ಬದಲಾಗಿವೆ, ನಲ್ಲಿಗಳು ಬಂದಿವೆ. ಆದರೂ ಹೊಲದಲ್ಲಿ ಕಳೆ ಕೀಳುವ, ಬೀಡಿ ಕಟ್ಟುವ, ಇಟ್ಟಿಗೆ ಹೊರುವ ಬಸುರಿಗೆ ಇಂದಿಗೂ ರಜೆಯಿಲ್ಲ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತು. ಅದು ಸಂಬಳದ ಚೀಟಿ ಇರುವವರಿಗೆ. ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಹೋಗುವವಳಿಗೆ ಊರಿನ ಅಂಗನವಾಡಿಯೂ ತಪ್ಪುತ್ತದೆ.

1990ರ ದಶಕದಲ್ಲಿ ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಊಟ, ದುಡಿಮೆಗಳನ್ನು ಗಮನಿಸಿದ ಅಧ್ಯಯನ ನಡೆಯಿತು. ಹಸಿರು ಸೊಪ್ಪು, ಹಣ್ಣು, ಹಾಲು ಹೆಚ್ಚು ಸಲ ತಿಂದವರ ಮಕ್ಕಳು ದಪ್ಪವಾಗಿದ್ದವು. ಮೈಮುರಿದು ದುಡಿದವರ ಮಕ್ಕಳು ಸಣ್ಣವಾಗಿದ್ದವು. ಸೊಪ್ಪು ತುಟ್ಟಿ ಪದಾರ್ಥವಲ್ಲ. ನುಗ್ಗೆ, ದಂಟು, ಮೆಂತ್ಯ, ಪುಂಡಿ ನಮ್ಮ ಹಿತ್ತಲಿನವೇ.

ನಂಬಿಕೆಗಳು

ಬಸುರಿ ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟ ಎಂಬ ಭಯ ನಮ್ಮಲ್ಲಿ ಹಳೆಯದು. ದಕ್ಷಿಣ ಕನ್ನಡದಲ್ಲಿ ಅಧ್ಯಯನ ಮಾಡಿ ಮಾರ್ಕ್ ಮತ್ತು ಮಿಮಿ ನಿಕ್ಟರ್ 1983ರಲ್ಲಿ ಇದನ್ನು ದಾಖಲಿಸಿದರು. ಹೊಟ್ಟೆಯಲ್ಲಿ ಊಟಕ್ಕೂ ಮಗುವಿಗೂ ಒಂದೇ ಜಾಗ, ಊಟ ಹೆಚ್ಚಾದರೆ ಮಗುವಿಗೆ ಇಕ್ಕಟ್ಟು ಎಂದು ಹೆಂಗಸರು ವಿವರಿಸುತ್ತಿದ್ದರು. ಇದನ್ನು ಮೌಢ್ಯ ಎಂದು ನಗಬೇಡಿ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ, ಗಿಡ್ಡ ಮೈಯ ಹುಡುಗಿಗೆ ದಪ್ಪ ಮಗು ನಿಜಕ್ಕೂ ಸಾವಿನ ಭಯವೇ ಆಗಿತ್ತು. ಆದರೆ ಅದರ ಪರಿಹಾರ ಹುಡುಗಿ ಬೆಳೆಯುವಾಗ ಉಣ್ಣಿಸುವುದು. ಬಸುರಿಯನ್ನು ಉಪವಾಸ ಕೆಡವುವುದಲ್ಲ.

ಕಬ್ಬಿಣಾಂಶದ ಗುಳಿಗೆಯ ಬಗ್ಗೆಯೂ ಭಯವಿದೆ. ಉಷ್ಣ ಮಾಡುತ್ತದೆ, ಮಗು ಕಪ್ಪಾಗುತ್ತದೆ ಎನ್ನುತ್ತಾರೆ. ಮಲ ಕಪ್ಪಾಗುವುದು, ಹೊಟ್ಟೆ ತೊಳಸುವುದು ನಿಜ, ಅದನ್ನು ಮೊದಲೇ ಹೇಳಿದರೆ ಯಾರೂ ಹೆದರುವುದಿಲ್ಲ. ಮಗುವಿನ ಬಣ್ಣಕ್ಕೂ ಗುಳಿಗೆಗೂ ಸಂಬಂಧವಿಲ್ಲ. ಬಸುರಿನಲ್ಲಿ 180 ದಿನ ಈ ಗುಳಿಗೆ ನುಂಗಬೇಕು. ಐದನೆಯ ಸಮೀಕ್ಷೆಯಂತೆ ದೇಶದಲ್ಲಿ ಹಾಗೆ ನುಂಗಿದವರು ಕಾಲುಭಾಗದಷ್ಟು ಮಾತ್ರ. ಊಟದ ಜೊತೆಗೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ನಿಂಬೆ, ನೆಲ್ಲಿಕಾಯಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ಮಣ್ಣು, ಬಳಪ ತಿನ್ನುವ ಬಸುರಿಯನ್ನು ಬೈಯುವ ಬದಲು ರಕ್ತ ಪರೀಕ್ಷೆಗೆ ಕರೆದೊಯ್ಯಿರಿ. ಅದು ಎಷ್ಟೋ ಸಲ ರಕ್ತಹೀನತೆಯ ಗುರುತು.

ಯೋಜನೆ ಎಲ್ಲಿ ನಿಲ್ಲುತ್ತದೆ

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಸುರಿನಲ್ಲೂ ಹೆರಿಗೆಯಾಗಿ ಆರು ತಿಂಗಳವರೆಗೂ ಅಂಗನವಾಡಿಯ ಮೂಲಕ ಉಚಿತ ಊಟವನ್ನು ಹಕ್ಕಾಗಿ ಮಾಡಿತು. 2017ರ ಅಕ್ಟೋಬರ್ 2ರಿಂದ ಕರ್ನಾಟಕದಲ್ಲಿ ಮಾತೃಪೂರ್ಣ ಯೋಜನೆ ಬಂತು. ತಿಂಗಳಿಗೆ 25 ದಿನ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, 200 ಮಿಲಿಲೀಟರ್ ಹಾಲು, ಶೇಂಗಾ ಚಿಕ್ಕಿ. ಅಂಗನವಾಡಿಯಲ್ಲೇ ಕೂತು ಉಣ್ಣಬೇಕು ಎಂಬುದು ಅದರ ವಿಶೇಷ. ಮನೆಗೆ ಕೊಟ್ಟ ಹಿಟ್ಟು ಇಡೀ ಮನೆಗೆ ಹಂಚಿ ಹೋಗುತ್ತದೆ, ಕೂತು ಉಂಡದ್ದು ಬಸುರಿಯ ಹೊಟ್ಟೆಗೇ ಸೇರುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಚನೆ ಇಲ್ಲ.

ಆದರೆ ಬಸುರಿ ಅಲ್ಲಿಗೆ ಹೋಗಬೇಕಲ್ಲ? ಹೊಸ ಸೊಸೆ ಒಬ್ಬಳೇ ಊರೊಳಗೆ ನಡೆಯುವಂತಿಲ್ಲ. ಹೊರಗೆ ಕೂತು ಉಣ್ಣುವುದು ಮನೆತನಕ್ಕೆ ಅವಮಾನ. ಅಡುಗೆ ಮಾಡಿದವರು ಯಾವ ಜಾತಿ, ಪಕ್ಕದಲ್ಲಿ ಕೂತವರು ಯಾರು ಎಂಬ ಪ್ರಶ್ನೆ. ಕೂಲಿಗೆ ಹೋದವಳಿಗೆ ಮಧ್ಯಾಹ್ನ ಬಿಡುವಿಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಿ ದೃಷ್ಟಿಯಾಗುತ್ತದೆಂದು ಹೇಳಿಕೊಳ್ಳುವುದೇ ಇಲ್ಲ, ಹೆಸರು ಬರೆಸುವುದು ತಡವಾಗುತ್ತದೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯೂ ಮನೆಯ ಯಜಮಾನಿಯ ಹೆಸರಿಗೆ. ಕೂಡುಕುಟುಂಬದಲ್ಲಿ ಯಜಮಾನಿ ಎಂದರೆ ಅತ್ತೆ. ಬಸುರಿ ಸೊಸೆಯ ಕೈ ಅಲ್ಲೂ ಖಾಲಿ. ಯೋಜನೆಗಳು ಮನೆಯ ಹೊಸಿಲವರೆಗೆ ಬಂದು ನಿಲ್ಲುತ್ತವೆ. ಹೊಸಿಲಿನ ಒಳಗಿನ ಅಧಿಕಾರವನ್ನು ಪ್ರಶ್ನಿಸುವವರು ನಾವೇ ಆಗಬೇಕು.

ಕಾನೂನಿನ ಕೈ

ಊಟ ಹಾಕದಿರುವುದು ಅಪರಾಧವೇ? ಹೌದು. 1983ರಲ್ಲಿ ನಮ್ಮ ಹೋರಾಟದಿಂದ ಬಂದ 498ಎ ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿದೆ. ಹೆಂಗಸಿನ ಜೀವಕ್ಕೆ, ಅಂಗಾಂಗಕ್ಕೆ, ದೇಹ ಮತ್ತು ಮನಸ್ಸಿನ ಆರೋಗ್ಯಕ್ಕೆ ಅಪಾಯ ತರುವ ಉದ್ದೇಶಪೂರ್ವಕ ನಡತೆ ಕ್ರೌರ್ಯ ಎಂದು ಅದು ಹೇಳುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ಆರೋಗ್ಯವನ್ನು ಕುಂದಿಸುವ ನಡತೆ ದೈಹಿಕ ಹಿಂಸೆ, ಮನೆಯ ಅಗತ್ಯ ವಸ್ತುಗಳನ್ನು ತಪ್ಪಿಸುವುದು ಆರ್ಥಿಕ ಹಿಂಸೆ. ಕೇರಳದಲ್ಲಿ ವರದಕ್ಷಿಣೆಗಾಗಿ ಅನ್ನ ನೀಡದೆ ಸಾಯಿಸಿದ ಒಂದು ಪ್ರಕರಣದಲ್ಲಿ ಗಂಡನಿಗೂ ಅತ್ತೆಗೂ 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಬೆಂಕಿಯಿಲ್ಲದೆ, ವಿಷವಿಲ್ಲದೆ, ಬರೀ ಹಸಿವಿನಿಂದಲೂ ವರದಕ್ಷಿಣೆ ಕೊಲೆ ನಡೆಯುತ್ತದೆ.

ನಮ್ಮ ರಾಜ್ಯದಲ್ಲಿ ಒಂದು ಅನುಕೂಲವಿದೆ. ತಾಲ್ಲೂಕುಗಳಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿಯ ಹೊಣೆಯನ್ನೂ ವಹಿಸಲಾಗಿದೆ. ಬಸುರಿಯ ಊಟದ ಪುಸ್ತಕ, ಅವಳ ದೂರಿನ ಪುಸ್ತಕ ಎರಡೂ ಒಂದೇ ಮೇಜಿನ ಮೇಲಿವೆ. ಎರಡನ್ನೂ ಒಟ್ಟಿಗೆ ತೆರೆಯುವಂತೆ ಒತ್ತಾಯಿಸುವುದು ನಮ್ಮ ಕೆಲಸ.

ನಾವು ಮಾಡಬೇಕಾದದ್ದು

ಮೊದಲನೆಯದು, ದೂರು ತೆಗೆದುಕೊಳ್ಳುವಾಗ ಕೇಳುವ ಪ್ರಶ್ನೆಗಳನ್ನು ಬದಲಾಯಿಸೋಣ. "ಹೊಡೆದನೇ?" ಎಂದು ಕೇಳಿದ ಹಾಗೆಯೇ "ನಿನ್ನೆ ಏನು ಉಂಡೆ, ಯಾವಾಗ ಉಂಡೆ, ಉಗ್ರಾಣದ ಬೀಗ ಯಾರ ಹತ್ತಿರ, ಅಂಗನವಾಡಿಗೆ ಹೋಗಲು ಬಿಡುತ್ತಾರೆಯೇ?" ಎಂದು ಕೇಳೋಣ. ಉತ್ತರವನ್ನು ಅವಳದೇ ಮಾತಿನಲ್ಲಿ ಬರೆದುಕೊಳ್ಳೋಣ.

ಎರಡನೆಯದು, ಬಸುರಿಯ ತಾಯಿ ಕಾರ್ಡನ್ನು ನೋಡಲು ಕಲಿಯೋಣ. ತಿಂಗಳು ತಿಂಗಳು ಬರೆದ ತೂಕ, ಹಿಮೋಗ್ಲೋಬಿನ್ ಅದರಲ್ಲಿರುತ್ತದೆ. ತೂಕ ಏರದಿರಲು ಕಾಯಿಲೆಯೂ ಕಾರಣವಿರಬಹುದು, ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಬೇಕು. ತವರಿನಲ್ಲಿದ್ದಾಗ ಏರಿ, ಗಂಡನ ಮನೆಗೆ ಹೋದ ತಿಂಗಳು ಇಳಿದ ತೂಕ ಮಾತ್ರ ತಾನೇ ಮಾತಾಡುತ್ತದೆ. ಆ ಕಾರ್ಡಿನ ನಕಲು ದೂರಿನ ಜೊತೆಗಿರಲಿ. ಕಾರ್ಡನ್ನು ಗಂಡನ ಮನೆಯವರು ಕಿತ್ತಿಟ್ಟುಕೊಂಡಿದ್ದರೆ ಆಶಾ ಕಾರ್ಯಕರ್ತೆಯ ಹತ್ತಿರ, ಉಪಕೇಂದ್ರದಲ್ಲಿ ವಿಚಾರಿಸಿ.

ಮೂರನೆಯದು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರನ್ನು ನಮ್ಮವರೆಂದು ತಿಳಿಯೋಣ. ಯಾವ ಬಸುರಿ ಊಟಕ್ಕೆ ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಎಂದು ಊರಿನಲ್ಲಿ ಮೊದಲು ಗೊತ್ತಾಗುವುದು ಅವರಿಗೆ. ಅವರ ಗೌರವಧನದ ಹೋರಾಟಕ್ಕೆ ನಾವು ಜೊತೆ ನಿಂತರೆ, ನಮ್ಮ ಕೆಲಸಕ್ಕೆ ಅವರು ಕಣ್ಣಾಗುತ್ತಾರೆ. ನಡೆದು ಬರಲಾಗದವಳಿಗೆ, ಕೂಲಿಗೆ ಹೋಗುವವಳಿಗೆ, ಗುಳೆ ಹೋದವಳಿಗೆ ಬೇರೆ ಏರ್ಪಾಡು ಮಾಡಬೇಕೆಂದು ಗ್ರಾಮಸಭೆಯಲ್ಲಿ ಒಟ್ಟಾಗಿ ಕೇಳೋಣ.

ನಾಲ್ಕನೆಯದು, ಅತ್ತೆಯರೊಂದಿಗೆ ಮಾತಾಡೋಣ. ಇಂದಿನ ಅತ್ತೆಯೂ ಹಿಂದೆ ಉಳಿದದ್ದನ್ನು ಉಂಡು ಬಸುರು ಕಳೆದವಳೇ. ತಾನು ಪಟ್ಟದ್ದನ್ನು ಸೊಸೆಯೂ ಪಡಲಿ ಎಂಬುದನ್ನು ಅವಳಿಗೆ ಕಲಿಸಿದ್ದು ಈ ಪಿತೃಪ್ರಧಾನ ವ್ಯವಸ್ಥೆ. ಬಡಿಸುವ ಕೈ ಅತ್ತೆಯದಾದರೂ ಮೊದಲ ತಟ್ಟೆಗೆ ಕೂರುವವನು ಗಂಡಸು. ಅವನನ್ನು ಬಿಟ್ಟು ಹೆಂಗಸರಿಗಷ್ಟೇ ಬುದ್ಧಿ ಹೇಳುವುದು ಸಾಕು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು, ಬಸುರಿಗೆ ಮೊದಲು ಬಡಿಸಬೇಕು. ಇದಕ್ಕೆ ಯಾವ ಇಲಾಖೆಯ ಹಣವೂ ಬೇಡ, ಯಾವ ಆದೇಶವೂ ಬೇಡ.

ಮಾನವಂತ ಮನೆತನದ ಅಳತೆ ಸೀಮಂತದ ಸೀರೆಯಲ್ಲಿಲ್ಲ. ರಾತ್ರಿ ಪಾತ್ರೆ ತೊಳೆಯುವ ಮೊದಲು ಬಸುರಿಯ ತಟ್ಟೆಯಲ್ಲಿ ಏನಿತ್ತು ಎಂಬುದರಲ್ಲಿದೆ. ನಾಳೆ ನಿಮ್ಮ ಊರಿಗೆ ಹೋದ ಮೇಲೆ ಒಂದು ಮನೆಯಲ್ಲಾದರೂ ಈ ಪ್ರಶ್ನೆ ಕೇಳಿ. ಮುಂದಿನ ಶಿಬಿರದಲ್ಲಿ ಉತ್ತರಗಳನ್ನು ಹಿಡಿದುಕೊಂಡು ಸೇರೋಣ.